ದಂಡಿನ ಇಗರ್ಜಿಯ ಬಣ್ಣದ ಗಾಜು

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಪೂರ್ವದ ಕೊನೆಯಲ್ಲಿ ಹೋಲಿ ಟ್ರಿನಿಟಿ ಇಗರ್ಜಿಯಿದೆ. ದಂಡಿನ ಆಂಗ್ಲ ಸೈನಿಕರ ಆರಾಧನೆಗೆಂದು ಕಟ್ಟತೊಡಗಿದ ಈ ಮಂದಿರ ಮುಗಿದುದು 1851ರಲ್ಲಿ. ಹಗಲಲ್ಲಿ ಹೊರಗಿನಿಂದ ನೋಡಿದವರಿಗೆ ಇದರ ಬಣ್ಣದ ಗಾಜು ಬರಿಯ ಕಪ್ಪು. ಒಳಹೊಕ್ಕು ಬಲಿಪೀಠದತ್ತ ತಿರುಗಿದವರಿಗಷ್ಟೇ ಅದರ ಬಣ್ಣಗಳು ಬೆಳಗುವುವು.

ಗತಿಸಿದವರ ಹೆಸರಿನಲ್ಲಿ ಇಂತಹ ಕಿಟಕಿ ಮಾಡಿಸುವುದು, ಗೋಡೆಗೆ ಫಲಕ ಹಾಕಿಸುವುದು ಆಂಗ್ಲಿಕನ್ ಪಂಥದವರ ವಾಡಿಕೆ. ನಮ್ಮ ವೀರಗಲ್ಲುಗಳು ಊರ ಹೊರಗೆ ಮಳೆಬಿಸಿಲಿಗೆ ನಿಂತರೆ, ಇವರ ಸ್ಮಾರಕಗಳು ಪ್ರಾರ್ಥನೆಯ ನಡುವೆಯೇ ಉಳಿದಿವೆ. ಇಲ್ಲಿ ಮೇಜರ್ ಜನರಲ್ ಕ್ಲೆಮೆಂಟ್ ಹಿಲ್ಲನ ಸ್ಮಾರಕವೊಂದಿದೆ. ವಾಟರ್ಲೂ ಕದನದಲ್ಲಿ ಕಾದಿ ಬದುಕಿ ಬಂದ ಈ ಸೇನಾನಿ ಕೊನೆಯುಸಿರೆಳೆದುದು 1845ರಲ್ಲಿ, ಇಂಗ್ಲಿಷರು ಗೇರುಸೊಪ್ಪೆ ಎಂದು ಕರೆಯುತ್ತಿದ್ದ ನಮ್ಮ ಜೋಗದ ಸೀಮೆಯಲ್ಲಿ! ತೋಪುಗಳ ನಡುವೆ ಬಾರದ ಸಾವು ಜಲಪಾತದ ಬಳಿ ಕಾದಿತ್ತು.

1947ರಲ್ಲಿ ಆಂಗ್ಲಿಕನ್ನರು ಇತರ ಪಂಥಗಳೊಡನೆ ದಕ್ಷಿಣ ಭಾರತ ಸಭೆಯಲ್ಲಿ ಒಂದಾದರು, ದಂಡಿನವರೂ ಹೊರಟುಹೋದರು. ಗೋಡೆಯ ಮೇಲಿನವರಿಗೆ ಹೂವಿಡಲು ನಂಟರು ಯಾರೂ ಉಳಿಯಲಿಲ್ಲ. ಆದರೂ ಭಾನುವಾರ ಬೆಂಚುಗಳು ತುಂಬುತ್ತವೆ. ಈ ಊರಿನ ಮಕ್ಕಳಿಗೇ ಇಲ್ಲಿ ದೀಕ್ಷಾಸ್ನಾನ, ಈ ಊರಿನ ಮದುಮಕ್ಕಳಿಗೇ ವಿವಾಹ. ಪರದೇಶಿಗಳ ಹೆಸರು ಹೊತ್ತ ಕಲ್ಲಿನ ಧೂಳನ್ನು ಒರೆಸುವವರೂ ಈ ಊರಿನವರೇ.