ಬಿಸಿಯೂಟದ ಅವ್ವ, ಅತಿಥಿ ಮಾಸ್ತರು
ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ನಮ್ಮ ನಾಲ್ವರ ತಾಲೂಕು ಬೇರೆ, ಸರ್ಕಾರಿ ಸಾಲಿಯ ಕಥೆ ಒಂದೇ. ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿಗೆ ಒಂದೇ ಕೋಣೆ, ಒಬ್ಬರೇ ಅಕ್ಕೋರು. ಅವರು ಮೀಟಿಂಗಿಗೆ ಹೋದ ದಿನ ನಮ್ಮನ್ನು ಹಿಡಿದು ಕೂಡಿಸ್ತಿದ್ದವಳು ಬಿಸಿಯೂಟದ ಅವ್ವ. ಒಲೆ ಮೇಲೆ ಬ್ಯಾಳಿ ಇಟ್ಟು ಬಂದು ಮಗ್ಗಿ ಕೇಳೋಳು. ಓದು ಬರ್ತಿರಲಿಲ್ಲ, ಆದ್ರೂ ನಾವು ತಡವರಿಸಿದ್ದು ತಕ್ಷಣ ಗೊತ್ತಾಗ್ತಿತ್ತು.

ಗಣಿತ ಕಲಿಸಿದ್ದು ಅತಿಥಿ ಶಿಕ್ಷಕರು. ಪರೀಕ್ಷೆ ಮುಗಿದರೆ ಅವರ ಕೆಲಸವೂ ಮುಗೀತು, ಜೂನ್‌ನಲ್ಲಿ ಮತ್ತೆ ಕರೀತಾರೋ ಇಲ್ಲೋ. ವರ್ಷಪೂರ್ತಿ ಕಲಿಸಿದವರು ಅತಿಥಿ ಹೆಂಗಾಗ್ತಾರ? ಇಬ್ಬರಿಗೂ ಸಿಗೋದು ಸಂಬಳ ಅಲ್ಲ, ಗೌರವಧನ.

ಮೊನ್ನೆ ಸೆಮಿಸ್ಟರ್ ರಜೆಯಲ್ಲಿ ಪೇಢಾ ಹಿಡಿದು ಸಿಂದಗಿಯವನ ಸಾಲಿಗೆ ಹೋದ್ವಿ. ಆ ಮಾಸ್ತರು ಈಗ ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಅವ್ವ ಅಲ್ಲೇ ಇದ್ದಳು. "17ರ ಮಗ್ಗಿ ಬರ್ತದೇನಪಾ ಈಗರೆ?" ಅಂದಳು.