ಗಾಜು ಇತ್ತು, ಅಕ್ಕಾ

ನಮ್ಮ ಸೊಸೈಟಿಗೆ ದಿನಾ ಬೆಳಿಗ್ಗೆ ಕಸ ಒಯ್ಯಲು ಬರುವ ಹೆಂಗಸನ್ನು ನಾವೆಲ್ಲ ‘ಮಾವ್ಶಿ’ ಎಂದು ಕರೆಯುತ್ತೇವೆ. ಮರಾಠಿಯಲ್ಲಿ ಹಾಗೆಂದರೆ ಚಿಕ್ಕಮ್ಮ. ಬಾಯಲ್ಲಿ ಚಿಕ್ಕಮ್ಮ ಎನ್ನುತ್ತಾ ಅವಳ ಕೈಗೆ ಏನು ಕೊಡುತ್ತಿದ್ದೇನೆ ಎಂದು ನಾನು ವರ್ಷಗಟ್ಟಲೆ ಯೋಚಿಸಿದವಳಲ್ಲ. ಹಳಸಿದ ಅನ್ನ, ತರಕಾರಿ ಸಿಪ್ಪೆ, ಹಾಲಿನ ಪ್ಯಾಕೆಟ್, ಮುಗಿದ ಸೆಲ್, ಎಲ್ಲವೂ ಒಂದೇ ಕಪ್ಪು ಚೀಲಕ್ಕೆ. ಬಾಯಿ ಕಟ್ಟಿ ಬಾಗಿಲ ಹೊರಗಿಟ್ಟರೆ ನನ್ನ ಕೆಲಸ ಮುಗಿಯಿತು.

2019ರ ಒಂದು ಬೆಳಿಗ್ಗೆ ಅವಳು ಬೆಲ್ ಒತ್ತಿದಳು. ಬಲಗೈಗೆ ಸುತ್ತಿದ್ದ ಬಟ್ಟೆಯೆಲ್ಲ ರಕ್ತ. ಹಿಂದಿನ ರಾತ್ರಿ ಒಡೆದ ಲೋಟದ ಚೂರುಗಳನ್ನು ನಾನೇ ಗುಡಿಸಿ ಆ ಚೀಲಕ್ಕೆ ಹಾಕಿದ್ದೆ. ಅವಳು ಜಗಳವಾಡಲಿಲ್ಲ. “ಕಾಚ್ ಹೋತೀ, ತಾಈ” ಎಂದಳು. ಗಾಜು ಇತ್ತು, ಅಕ್ಕಾ. ಇನ್ನು ಮೇಲೆ ಪೇಪರಿನಲ್ಲಿ ಸುತ್ತಿ ಬೇರೆ ಕೊಡಿ, ಅಷ್ಟೇ. ನಾನು ಪಟ್ಟಿ ಕಟ್ಟಿ, ಡಾಕ್ಟರ ಬಳಿ ಹೋಗಲು ದುಡ್ಡು ಕೊಟ್ಟೆ. ಮರುದಿನದಿಂದ ನಾಲ್ಕು ದಿನ ಅವಳ ಬದಲಿಗೆ ಬಂದದ್ದು ಅವಳ ಮಗಳು. ಶಾಲೆಗೆ ಹೋಗುವ ಹುಡುಗಿ.

ನಾವಿರುವುದು ಕಲ್ಯಾಣದ ಪಶ್ಚಿಮದಲ್ಲಿ. ಇಲ್ಲಿಯವರಿಗೆ ಆಧಾರವಾಡಿ ಎಂದರೆ ಎರಡು ನೆನಪು: ಒಂದು ಜೈಲು, ಇನ್ನೊಂದು ಕಸದ ಗುಡ್ಡ. ಕಲ್ಯಾಣ್-ಡೊಂಬಿವಲಿಯ ಕಸ ದಶಕಗಳ ಕಾಲ ಅಲ್ಲಿಯೇ ಬಿದ್ದು ಬೆಳೆಯಿತು. ಕಸದ ವಿಲೇವಾರಿ ಸರಿಯಿಲ್ಲವೆಂದು ಬಾಂಬೆ ಹೈಕೋರ್ಟ್ 2015ರಲ್ಲಿ ಈ ಊರುಗಳಲ್ಲಿ ಹೊಸ ಕಟ್ಟಡಗಳಿಗೆ ಪರವಾನಗಿ ಕೊಡುವುದನ್ನೇ ತಡೆದಿತ್ತು. ಆಗ ನಮ್ಮ ಮನೆಯಲ್ಲಿ ನಡೆದ ಚರ್ಚೆ ಫ್ಲ್ಯಾಟಿನ ರೇಟು ಏರುತ್ತದೋ ಇಳಿಯುತ್ತದೋ ಎಂಬುದು ಮಾತ್ರ. 2018ರಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದು ಹೊಗೆ ಮನೆಯೊಳಗೆ ಬಂದಾಗ ಕಿಟಕಿ ಮುಚ್ಚಿ, ಕೆಮ್ಮುತ್ತಾ, ಯಾರ್ಯಾರನ್ನೋ ಬೈದಿದ್ದೆವು. ಆ ಹೊಗೆಯಲ್ಲಿ ನಮ್ಮ ಮನೆಯ ಚೀಲವೂ ಇದೆ ಎಂದು ನನಗೆ ಹೊಳೆದಿರಲಿಲ್ಲ. ಹಸಿ ಕಸ ಗಾಳಿಯಾಡದೆ ಅಡಿಯಲ್ಲಿ ಕೊಳೆತರೆ ಮೀಥೇನ್ ಹುಟ್ಟುತ್ತದೆ, ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಮೇಲೆ ಪ್ಲಾಸ್ಟಿಕ್ ಇದ್ದರೆ ಕೇಳುವುದೇ ಬೇಡ.

ಕುಂದಾಪುರದ ಕಡೆಯ ನನ್ನ ತವರಿನಲ್ಲಿ ‘ಕಸ’ ಎಂದರೆ ಅಂಗಳದ ತರಗೆಲೆ. ಅಕ್ಕಿ ತೊಳೆದ ನೀರು, ಸಿಪ್ಪೆ ಎಲ್ಲ ಅಕ್ಕಚ್ಚಿನ ಬಾಲ್ದಿಗೆ ಸೇರಿ ದನದ ಹೊಟ್ಟೆಗೆ ಹೋಗುತ್ತಿತ್ತು. ತೆಂಗಿನ ಸಿಪ್ಪೆ ಬಚ್ಚಲ ಒಲೆಗೆ, ಒಲೆಯ ಬೂದಿ ಪಾತ್ರೆ ತಿಕ್ಕಲು, ಊಟದ ಬಾಳೆಲೆ ಗೊಬ್ಬರದ ಗುಂಡಿಗೆ. ಹಳೆಯ ಸೀರೆ ಕೌದಿಯಾಗಿ, ಕೊನೆಗೆ ನೆಲ ಒರೆಸುವ ಬಟ್ಟೆಯಾಗುತ್ತಿತ್ತು. ಆದರೆ ಊರನ್ನು ಹೊಗಳಿ ಕೂತರೂ ಪ್ರಯೋಜನವಿಲ್ಲ. ಕಳೆದ ಸಲ ಹೋದಾಗ ಅದೇ ಬಚ್ಚಲ ಒಲೆಗೆ ನನ್ನ ತಮ್ಮ ಹಾಲಿನ ಪ್ಯಾಕೆಟ್ ತುರುಕುತ್ತಿದ್ದ. “ಮತ್ತೆಲ್ಲಿ ಹಾಕುದು ಅಕ್ಕ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಹಸಿ, ಒಣ, ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರೆ ಮಾಡಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ನಾನು ಕಲಿತದ್ದು ಆ ಗಾಯದ ನಂತರ. ಮೂರು ಡಬ್ಬಿ ಇಟ್ಟೆ. ಗ್ಯಾಲರಿಯಲ್ಲಿ ಮಣ್ಣಿನ ಕುಂಡವಿಟ್ಟು ಸಿಪ್ಪೆ ಹಾಕತೊಡಗಿದೆ. ಮೊದಲ ತಿಂಗಳು ಹುಳ, ವಾಸನೆ, ಪಕ್ಕದ ಮನೆಯವರ ದೂರು. “ನೀನೇನು ಇಲ್ಲಿ ಗದ್ದೆ ಮಾಡ್ತೀಯಾ?” ಎಂದು ನಮ್ಮವರು ನಕ್ಕರು. ಒದ್ದೆ ಹೆಚ್ಚಾದದ್ದೇ ತಪ್ಪಾಗಿತ್ತು. ಪ್ರತಿ ಸಲ ಮೇಲೊಂದು ಹಿಡಿ ಒಣ ಎಲೆ, ತೆಂಗಿನ ನಾರು ಹಾಕಿದ ಮೇಲೆ ವಾಸನೆ ನಿಂತಿತು. ಈಗ ಅದೇ ಗೊಬ್ಬರದಲ್ಲಿ ಕರಿಬೇವು ಚಿಗುರಿದೆ. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿದರೆ ಭಂಗಾರ್‌ವಾಲಾ ಒಯ್ಯುತ್ತಾನೆ.

2020ರಲ್ಲಿ ನಮ್ಮಲ್ಲಿ ‘ಓಲಾ ಕಚರಾ, ಸುಕಾ ಕಚರಾ’ ಬೇರೆಬೇರೆ ಒಯ್ಯಲು ಶುರುವಾಯಿತು. 2021ರಲ್ಲಿ ಆಧಾರವಾಡಿಗೆ ಕಸ ಸುರಿಯುವುದನ್ನು ನಿಲ್ಲಿಸಿದರು. ಹಾಗೆಂದು ಕಸ ಕಡಿಮೆಯಾಗಲಿಲ್ಲ. ಅದರ ದಾರಿ ಬದಲಾಯಿತು, ಅಷ್ಟೆ. ಈಗ ಬೇರೆ ಯಾರದೋ ಮನೆಯ ಪಕ್ಕ ಹೋಗುತ್ತದೆ. ಆನ್‌ಲೈನಿನಲ್ಲಿ ತರಿಸಿದ ಸಾಮಾನಿನ ಡಬ್ಬಗಳು ನಮ್ಮ ಮನೆಯಲ್ಲೂ ಹೆಚ್ಚುತ್ತಲೇ ಇವೆ. ಆ ಲೆಕ್ಕದಲ್ಲಿ ನಾನಿನ್ನೂ ಪಾಸಾಗಿಲ್ಲ.

ಮಾವ್ಶಿ ಈಗಲೂ ಬರುತ್ತಾಳೆ. ಡಬ್ಬಿ ಎತ್ತುವಾಗ ಅವಳ ಅಂಗೈಯ ಮೇಲಿನ ಗೆರೆ ಕಾಣುತ್ತದೆ. ಒಡೆದ ಗಾಜು, ಹಳೆಯ ಬ್ಲೇಡು ಏನಿದ್ದರೂ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಮರಾಠಿಯಲ್ಲಿ ‘ಕಾಚ್’ ಎಂದು ಬರೆದು ಅವಳ ಕೈಗೇ ಕೊಡುತ್ತೇನೆ. ನೀವೂ ಇವತ್ತು ರಾತ್ರಿ ಚೀಲದ ಬಾಯಿ ಕಟ್ಟುವ ಮೊದಲು ಒಮ್ಮೆ ಒಳಗೆ ನೋಡಿ. ಬೆಳಿಗ್ಗೆ ಅದನ್ನು ಯಾರೋ ಬರಿಗೈಯಲ್ಲಿ ಬಿಚ್ಚುತ್ತಾರೆ.