ಮುಂದಿನ ಗಾಲಿಗೂ ಎಳೆಯುವ ಕೆಲಸ

ಮೂಡಿಗೆರೆ ಕಡೆಯ ಒಂದು ಗ್ಯಾರೇಜು. ಟೂವೀಲ್ ಪಿಕಪ್ಪನ್ನು ಫೋರ್‌ವೀಲ್ ಮಾಡುತ್ತಿದ್ದಾರೆ. ಗಾಡಿಯ ಮುಂಭಾಗ ಸ್ಟ್ಯಾಂಡಿನ ಮೇಲೆ, ಅದರಡಿ ಗುಜರಿಯಿಂದ ತಂದ ಆಕ್ಸೆಲ್ ಹೌಸಿಂಗ್. ಬೊಲೆರೊ ಕ್ಯಾಂಪರ್ ಕಂಪನಿಯಿಂದಲೇ ಫೋರ್‌ವೀಲಾಗಿ ಬರುತ್ತದಲ್ಲ, ಅದನ್ನೇ ತಗೋಬಹುದಿತ್ತಲ್ಲ ಎಂದು ಗಾಡಿಯ ಮಾಲೀಕರಾದ ತೋಟದವರನ್ನು ಕೇಳಿದೆ. “ಇದರ ಸಾಲವೇ ತೀರಿಲ್ಲ ಮಾರಾಯ್ರೆ. ಜೂನ್ ಬಂತಲ್ಲ, ಇನ್ನು ಮಳೆ, ಕೆಸರು.”

*

ಗೇರ್‌ಬಾಕ್ಸಿನ ಹಿಂದೆ, ಎಂಜಿನ್ನಿನ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್. ಅದು ತಿಂದ ಜಾಗದಷ್ಟು ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ, ವೆಲ್ಡ್ ಮಾಡಿ, ಬ್ಯಾಲೆನ್ಸ್ ಮಾಡಿಸಬೇಕು. ಮುಂದಕ್ಕೆ ಇನ್ನೊಂದು ಶಾಫ್ಟು. ಮುಂದಿನ ಹೌಸಿಂಗಿನ ಗುಂಡು, ಅಂದರೆ ಡಿಫರೆನ್ಷಿಯಲ್ ಇರುವ ಉಬ್ಬು, ಆಯಿಲ್ ಪ್ಯಾನಿಗೆ ತಾಗಬಾರದು, ಅದಕ್ಕೇ ಅದು ನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿದೆ. ಗಾಲಿಯ ಹತ್ತಿರದ ಜಾಯಿಂಟನ್ನು ಎಷ್ಟು ನೋಡಿದರೂ ಬೆರಗು ತೀರಲಿಲ್ಲ: ಗಾಲಿ ಎಡಬಲ ತಿರುಗುತ್ತಲೇ ಇರುವಾಗ ಅದೇ ಬಾಗಿದ ಜಾಗದಲ್ಲಿ ಎಳೆಯುವ ಬಲವೂ ದಾಟಬೇಕು.

*

ತಲೆ ತಿಂದದ್ದು ಆ ಗುಂಡಿನೊಳಗಿನ ಗೇರುಗಳ ಹಲ್ಲಿನ ಲೆಕ್ಕ. ಹಳೆಯ ವಿಲ್ಲೀಸ್ ಜೀಪುಗಳಲ್ಲೇ ಎರಡು ಬಗೆ. ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39 ಇದ್ದರೆ ಅನುಪಾತ 4.88, ಕ್ರೌನಿಗೆ 43 ಇದ್ದರೆ 5.38. ಹೊರಗಿಂದ ನೋಡಿ ಹೇಳಲಾಗದು. ಮುಂದೊಂದು ಹಿಂದೊಂದು ಬಿದ್ದರೆ ಒಂದೇ ಟ್ರಾನ್ಸ್‌ಫರ್ ಕೇಸಿಗೆ ಕಟ್ಟಿದ ಎರಡು ಜೋಡಿ ಗಾಲಿಗಳ ವೇಗದಲ್ಲಿ ನೂರಕ್ಕೆ ಹತ್ತರಷ್ಟು ಅಂತರ. ಒಂದು ಜೋಡಿ ಇನ್ನೊಂದನ್ನು ತಳ್ಳುತ್ತಲೇ ಇರುತ್ತದೆ.

ಈ ಕಷ್ಟ ದಾಟಿದವರೂ ಇದ್ದಾರೆ: ಅಮೆರಿಕದ ಮಿನ್ನಿಯಾಪೊಲಿಸ್‌ನ ನ್ಯಾಪ್ಕೊ ಕಂಪನಿ 1950ರ ದಶಕದಲ್ಲಿ ಷೆವರ್ಲೆ ಪಿಕಪ್ಪುಗಳಿಗೆ ಫೋರ್‌ವೀಲ್ ಕಿಟ್ ಮಾರುತ್ತಿತ್ತು. ಷೆವರ್ಲೆಯ ಹಿಂದಿನ ಆಕ್ಸೆಲ್ಲಿನ ಡಿಫರೆನ್ಷಿಯಲ್ಲನ್ನೇ ಮುಂದಕ್ಕೂ ಬಳಸಿದರು. ಅಲ್ಲಿಗೆ ಹಲ್ಲು ಹೊಂದಿಸುವ ಕಷ್ಟ ಬಹುಪಾಲು ಕಳೆಯಿತು. 1957ರಿಂದ ಷೆವರ್ಲೆ ಆ ಕಿಟ್ಟನ್ನು ಕಾರ್ಖಾನೆಯಲ್ಲೇ ಹಾಕಿ ಕೊಡತೊಡಗಿತು, 1960ಕ್ಕೆ ತನ್ನದೇ ಫೋರ್‌ವೀಲ್ ತಂದಿತು. ಎಷ್ಟು ಅಚ್ಚುಕಟ್ಟಾದ ಯೋಚನೆ!

*

ಹಲ್ಲು ಹೊಂದಿದರೂ ಇಂಥ ಗಾಡಿಯಲ್ಲಿ ಒಣ ತಾರು ರಸ್ತೆಯಲ್ಲಿ ಫೋರ್‌ವೀಲ್ ಹಾಕುವಂತಿಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಕೆಸರಿನಲ್ಲಿ ಗಾಲಿ ಚೂರು ಜಾರಿ ಆ ಅಂತರ ಕಳೆದುಹೋಗುತ್ತದೆ. ತಾರಿನಲ್ಲಿ ಜಾರದೆ ಶಾಫ್ಟು, ಹಲ್ಲುಗಳೆಲ್ಲ ಬಿಗಿದುಕೊಳ್ಳುತ್ತವೆ. ಜಾರುವುದನ್ನು ಗೆಲ್ಲಲು ಮಾಡಿದ ಏರ್ಪಾಡಿಗೇ ಜಾರುವ ನೆಲ ಬೇಕು! ಇದನ್ನು ಎರಡು ಸಲ ಬರೆದುಕೊಂಡೆ.

*

ಕಾನೂನು? ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬಾರದು. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ತೋಟದೊಳಗೇ ಓಡುವುದು ಎನ್ನುತ್ತಾರೆ. ಆದರೆ ಕಾಫಿ ಮೂಟೆ ಕ್ಯೂರಿಂಗಿಗೆ ಹೋಗುವುದು ರಸ್ತೆಯಲ್ಲೇ. ಹೊಸ ಹೌಸಿಂಗಿನಿಂದ ಮುಂದೆ ಭಾರವೂ ಹೆಚ್ಚಿದೆ. ಬ್ರೇಕು, ಸ್ಟೀರಿಂಗನ್ನು ಬಲ್ಲವರು ಪರೀಕ್ಷಿಸದೆ ಈ ಗಾಡಿ ಘಾಟಿ ಇಳಿಯಬಾರದು ಎಂದೇ ನನ್ನ ಅಭಿಪ್ರಾಯ, ಅವರಿಗೂ ಹೇಳಿದೆ.

*

ನಾಳೆ ಈ ಗಾಡಿ ಕೊಳ್ಳುವವನಿಗೆ ಒಳಗಿನ ಹಲ್ಲಿನ ಲೆಕ್ಕ ಯಾರು ಹೇಳುತ್ತಾರೆ? ಮೆಕ್ಯಾನಿಕ್ಕನ್ನು ಕೇಳಿದೆ. ಎರಡೂ ಹೌಸಿಂಗಿನ ಮೇಲೆ ಪೇಂಟಿನಲ್ಲಿ ಬರೆದಿಡುವುದಾಗಿ ಒಪ್ಪಿದರು.